ಆಕಾಶನೌಕೆಗೆ ಎಷ್ಟು ಅಕ್ಕಿ?

ಶಿವಯೋಗಿ: ಮೊದ್ಲ ಅಳಸ್ರಿ, ಆಮ್ಯಾಲೆ ಎರಡನೇ ಭಾಗ.

ಕುಬೇರಪ್ಪ: ಮೊದ್ಲ ಎರಡನೇ ಭಾಗ ಕೊಡು. ಅಳಸೂದು ಆಮ್ಯಾಲೆ ವಿಚಾರ ಮಾಡೂಣು.

ಅಕ್ಕಿಆಲೂರಿನ ಗ್ರಂಥಾಲಯದ ಮೇಜಿನ ಮೇಲೆ ಮೂರು ಕಾದಂಬರಿಗಳೂ ಒಂದು ರಬ್ಬರೂ ಇದ್ದವು. ಆಚೆ ಗ್ರಂಥಪಾಲಕ ಶಿವಯೋಗಿ, ಈಚೆ ಅಕ್ಕಿ ಗಿರಣಿಯ ಕುಬೇರಪ್ಪ. ಗಿರಣಿಯನ್ನು ಮಗಳು ತನುಜಾಳ ಕೈಗೆ ಒಪ್ಪಿಸಿದ ಮೇಲೆ ಕುಬೇರಪ್ಪನವರಿಗೆ ತಪ್ಪು ಹುಡುಕಲು ಮನುಷ್ಯರು ಸಾಲದಾದರು. ಆಗ ವಿಜ್ಞಾನ ಕಾದಂಬರಿಗಳು ಕಣ್ಣಿಗೆ ಬಿದ್ದವು. ಮೂರು ತಿಂಗಳಲ್ಲಿ ಮೂರು ಓದಿದರು, ಮೂರೂ ಬಹಳ ಸೇರಿದವು. ಸೇರಿದ್ದಕ್ಕೆ ಗುರುತು, ಪುಟಪುಟದ ಅಂಚಿನಲ್ಲೂ ಪೆನ್ಸಿಲಿನಲ್ಲಿ ಲೇಖಕರಿಗೆ ಬೈಗುಳ.

ಕಷ್ಟ ಮೂರನೆಯದರಲ್ಲಿತ್ತು. ಅದರ ನಾಯಕ ಕಾಲಯಂತ್ರ ಹತ್ತಿ ನೂರು ವರ್ಷ ಹಿಂದಕ್ಕೆ ಹೋಗಿ, ಯಂತ್ರ ಕೆಟ್ಟು, ಅಲ್ಲೇ ಸಿಕ್ಕಿಬಿದ್ದಲ್ಲಿಗೆ ಮೊದಲ ಭಾಗ ಮುಗಿದಿತ್ತು. ಅವನು ತಿರುಗಿ ಬರುತ್ತಾನೋ ಇಲ್ಲವೋ ತಿಳಿಯದೆ ಎಂಟು ದಿನದಿಂದ ಕುಬೇರಪ್ಪನವರಿಗೆ ಊಟ ರುಚಿಸುತ್ತಿರಲಿಲ್ಲ.

ಶಿವಯೋಗಿ: ಇದು ಹತ್ತು ಮಂದಿ ಓದೂ ಪುಸ್ತಕ, ಸಾವ್ಕಾರ್ರ. ನಿಮ್ಮ ಗಿರಣಿ ಲೆಕ್ಕದ ವಹಿ ಅಲ್ಲ.

ಕುಬೇರಪ್ಪ: ಹತ್ತು ಮಂದಿಗೆ ತಿಳೀಲಿ ಅಂತನ ಬರದೇನಿ. ತಪ್ಪಿದ್ರ ತೋರಿಸು.

ಶಿವಯೋಗಿ ಮೊದಲ ಪುಸ್ತಕ ಬಿಚ್ಚಿದ. ಇನ್ನೂರು ಜನ ಒಂದು ಆಕಾಶನೌಕೆ ಹತ್ತಿ ಬೇರೊಂದು ನಕ್ಷತ್ರಕ್ಕೆ ಹೊರಟ ಕತೆ ಅದು. ದಾರಿ ಎಂಬತ್ತು ವರ್ಷದ್ದು.

ಶಿವಯೋಗಿ: ನೀವು ಬರದದ್ದು: "ಉಗ್ರಾಣಕ್ಕೆ ಒಂದೇ ಕೋಣೆ ಅಂತೆ. ತಲೆಗೆ ಅರ್ಧ ಕಿಲೋ ಹಿಡಿದರೂ ದಿನಕ್ಕೊಂದು ಕ್ವಿಂಟಲ್. ಎಂಬತ್ತು ವರ್ಷಕ್ಕೆ ಇಪ್ಪತ್ತೊಂಬತ್ತು ಸಾವಿರದ ಇನ್ನೂರು ಕ್ವಿಂಟಲ್. ಲೇಖಕರು ಅಕ್ಕಿ ಚೀಲ ಕಂಡವರಲ್ಲ."

ಕುಬೇರಪ್ಪ: ಸುಳ್ಳೇನು? ನುಸಿ ಹಿಡಿಯೂದು ನಾ ಇನ್ನಾ ಲೆಕ್ಕಕ್ಕ ಹಿಡಿದಿಲ್ಲ.

ಶಿವಯೋಗಿ: ಕೆಳಗಿಂದೂ ಕೇಳ್ರಿ. "ಇನ್ನೂರು ಮಂದಿ ಎಂಬತ್ತು ವರ್ಷ ಇನ್ನೂರೇ ಇರುತ್ತಾರೆಯೆ? ಹುಟ್ಟಿದವರೆಷ್ಟು, ಸತ್ತವರೆಷ್ಟು? ಅಕ್ಕಿ ಕಂಡವರು ಮನುಷ್ಯರನ್ನು ಕಂಡಿಲ್ಲ."

ಕುಬೇರಪ್ಪ ಪುಸ್ತಕ ಕಸಿದುಕೊಂಡರು. ಅವರ ಪೆನ್ಸಿಲಿನ ಅಕ್ಷರಗಳ ಕೆಳಗೆ ಹಸಿರು ಪೆನ್ನಿನಲ್ಲಿ, ಮುತ್ತು ಪೋಣಿಸಿದಂತೆ, ಯಾರೋ ಉತ್ತರ ಬರೆದಿದ್ದರು. ಒಂದಲ್ಲ, ಪ್ರತಿ ಬೈಗುಳಕ್ಕೂ ಒಂದೊಂದು. ಇದು ತನ್ನ ಕೈಬರಹ ಅಲ್ಲವೆಂದು ಅವರು ಎರಡು ಸಲ ಹೇಳಿದರು. ಅದು ತನಗೂ ಗೊತ್ತು, ಕಾಗುಣಿತ ಸರಿ ಇದೆ ಎಂದು ಶಿವಯೋಗಿ ಮೆಲ್ಲಗೆ ಹೇಳಿದ.

ಕುಬೇರಪ್ಪ: ಮೂರನೇದು ತಗಿ. ಹುಡುಗ ಹಿಂದಿನ ಕಾಲದ ಹುಡುಗೀನ ಮದುವಿ ಆಗಾಕ ಹೊಂಟದ್ದು.

ಶಿವಯೋಗಿ: ನಿಮ್ಮದು: "ತಲೆ ಇಲ್ಲದ ಹುಡುಗ. ಮದುವೆಗೆ ಮೊದಲು ಮನೆತನದ ಬೆಡಗು ಯಾವುದೆಂದು ಒಂದು ಮಾತು ಕೇಳಿದ್ದರೆ, ಅವಳು ತನ್ನ ಮುತ್ತಜ್ಜನ ತಂಗಿ ಎಂದು ಅಲ್ಲೇ ತಿಳಿಯುತ್ತಿತ್ತು. ನೂರಾ ಎಂಬತ್ತು ಪುಟ ಉಳಿಯುತ್ತಿದ್ದವು."

ಕುಬೇರಪ್ಪ: ಇದಕ್ಕೇನ್ ಉತ್ತರ ಕೊಡ್ತಾನ ಕೊಡಲಿ. ಒಂದ ಬೆಡಗಿನವ್ರು ಅಣ್ಣತಂಗಿ. ವಿಜ್ಞಾನ ಬ್ಯಾಡ, ಹಿರ್ಯಾರು ಸಾಕಿತ್ತು.

ಶಿವಯೋಗಿ: ಹಸರು ಪೆನ್ನು: "ಬೆಡಗು ಕೇಳುವವರು ನೂರು ಮಂದಿ. ಹುಡುಗಿಯನ್ನು ಕೇಳಿದವರು ಯಾರು?"

ಕುಬೇರಪ್ಪನವರು ಪುಸ್ತಕವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಹಸಿರು ಪೆನ್ನಿನವನು ಗಿರಣಿಯ ಗುಮಾಸ್ತ ಕರೀಮಸಾಬನೇ ಇರಬೇಕು, ಚಹಾ ಕುಡಿಯುವ ನೆಪದಲ್ಲಿ ಮನೆಗೆ ಬಂದು ಬರೆದು ಹೋಗುತ್ತಾನೆ ಎಂದು ತೀರ್ಪು ಕೊಟ್ಟರು. ರಬ್ಬರು ಎತ್ತಿಕೊಂಡು ಉತ್ತರಗಳನ್ನು ಉಜ್ಜಿದರು. ಕಾಗದ ಬೆಚ್ಚಗಾಯಿತು, ಹಸಿರು ಅಳಿಸಲಿಲ್ಲ.

ಶಿವಯೋಗಿ: ನಿಮ್ಮವಷ್ಟ ಅಳಿಸಿದ್ರ ಪ್ರಶ್ನಿ ಹೋಗಿ ಉತ್ತರ ಉಳಿತಾವ್ರಿ. ಹೈಸ್ಕೂಲಿನ ನಾಗರತ್ನಾ ಟೀಚರು ಅಷ್ಟ ಸಾಕಂತಾರ. ಮಂದಿ ಈಗ ಹಸರು ಬರದ ಪುಸ್ತಕ ಐತೇನು ಅಂತ ಕೇಳ್ಕೊಂಡು ಬರಾಕತ್ತಾರ.

ಕುಬೇರಪ್ಪ: ನಂದು ಕೇಳಿಲ್ಲ?

ಶಿವಯೋಗಿ: ಕೇಳ್ಯಾರ್ರಿ. ಮ್ಯಾಲಿನ ಕಸ ಯಾವಾಗ ತಗೀತೀರಿ ಅಂತ.

ಕುಬೇರಪ್ಪನವರ ಮುಖ ಕೆಂಪಾದ್ದು ಕಂಡು ಶಿವಯೋಗಿಗೆ ಸ್ವಲ್ಪ ಮರುಕ ಹುಟ್ಟಿರಬೇಕು. ಬರೆದವರು ಯಾರೆಂದು ತಾವೇ ತಿಳಿದುಕೊಳ್ಳಲಿ ಎಂದು ಎರಡನೇ ಪುಸ್ತಕ ಮುಂದೆ ನೂಕಿದ. ಮನೆಗೆಲಸದ ಯಂತ್ರವೊಂದು ಒಂದು ಬೆಳಿಗ್ಗೆ ಒಲೆ ಹಚ್ಚಲು ಒಲ್ಲೆನೆನ್ನುವ ಕತೆ. ಕುಬೇರಪ್ಪನವರೇ ಗಟ್ಟಿಯಾಗಿ ಓದಿದರು.

ಕುಬೇರಪ್ಪ: "ಹೊತ್ತು ಹುಟ್ಟುವ ಮೊದಲಿಂದ ಮಲಗುವ ತನಕ ದುಡಿಯುತ್ತದೆ, ಎದುರು ಮಾತಿಲ್ಲ, ಬೇಸರವಿಲ್ಲ. ಇಂಥದ್ದು ಲೋಕದಲ್ಲಿ ಎಲ್ಲಿಯೂ ಇಲ್ಲ. ಶುದ್ಧ ಕಲ್ಪನೆ." ಕೆಳಗ... "ನಮ್ಮ ಮನೆಯಲ್ಲಿ ಮೂವತ್ತೆಂಟು ವರ್ಷದಿಂದ ಇದೆ."

ಶಿವಯೋಗಿ ಕಾದ.

ಕುಬೇರಪ್ಪ: ಸುಳ್ಳು ನೋಡು. ನಮ್ಮ ಮನ್ಯಾಗಿನ ಮಿಕ್ಸರ ಹ್ವಾದ ವರ್ಷ ತಂದದ್ದು.

ಶಿವಯೋಗಿ ಕಪಾಟಿನ ಕಡೆ ಮುಖ ತಿರುಗಿಸಿಕೊಂಡು ಎರಡನೇ ಭಾಗ ಇಲ್ಲಿಲ್ಲ, ಬೇರೊಬ್ಬರು ಒಯ್ದಿದ್ದಾರೆ, ಇವತ್ತು ತರಬೇಕು ಎಂದ. ಅಷ್ಟರಲ್ಲಿ ಬಾಗಿಲಲ್ಲಿ ಸಂತೆಯ ಚೀಲ ಕಾಣಿಸಿತು, ಹಿಂದಿನಿಂದ ಚೀಲದ ಒಡತಿ ವೀರವ್ವ, ಕುಬೇರಪ್ಪನವರ ಹೆಂಡತಿ. ಮೆಂತ್ಯ ಸೊಪ್ಪಿನ ಸೂಡಿನ ಕೆಳಗಿಂದ ಒಂದು ಪುಸ್ತಕ ತೆಗೆದು ಮಣ್ಣು ಒರೆಸಿ ಮೇಜಿನ ಮೇಲಿಟ್ಟರು. ಎರಡನೇ ಭಾಗ.

ಕುಬೇರಪ್ಪ ಪುಟ ತೆರೆದರು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಹಸಿರು. ಮೂವತ್ತೆಂಟು ವರ್ಷ ಸಂಸಾರ ಮಾಡಿದ ಹೆಂಡತಿಯ ಕೈಬರಹ ಅವರು ಅಂದೇ ಮೊದಲು ನೋಡಿದ್ದು. ನೋಡಿ ನಾಚಿಕೆಯಾಯಿತು, ಆದರೆ ನಾಚಿಕೆಯನ್ನು ಸಿಟ್ಟಿನಂತೆ ಆಡುವುದು ಅವರಿಗೆ ರೂಢಿ.

ಕುಬೇರಪ್ಪ: ಯಾವಾಗ ಓದಿದಿ ಇವನ್ನೆಲ್ಲಾ?

ವೀರವ್ವ: ನಾಕು ಪುಟಕ್ಕ ನಿಮಗ ನಿದ್ದಿ ಬರತೈತಿ. ಪುಸ್ತಕ ಎದಿ ಮ್ಯಾಲೆ ಖಾಲಿ ಬಿದ್ದಿರತೈತಿ.

ಕುಬೇರಪ್ಪ: ಇದ್ರಾಗ ನನಗ ಬರಿಯಾಕ ಜಾಗಾನ ಬಿಟ್ಟಿಲ್ಲಲ್ಲ.

ವೀರವ್ವ: ಬರೀಬ್ಯಾಡ್ರಿ. ಓದ್ರಿ.

ಕುಬೇರಪ್ಪನವರು ಆ ಹುಡುಗ ತಿರುಗಿ ಬಂದನೋ ಇಲ್ಲವೋ ಅಷ್ಟಾದರೂ ಹೇಳು ಎಂದು ಕೇಳಬೇಕೆಂದಿದ್ದರು. ಬಾಯಿಗೆ ಬಂದದ್ದು ಬೇರೆಯೇ.

ಕುಬೇರಪ್ಪ: ಊರ ಮಂದಿ ಓದೂ ಹಂಗ ಬರಿಯೂದಕ್ಕಿಂತ ನನ್ನ ಎದುರಿಗೇ ಹೇಳಾಕ ಏನಾಗಿತ್ತು ನಿನಗ?

ವೀರವ್ವ: ಎದುರಿಗೆ ಹೇಳಾಕ ಹೋದ್ರ ನಡುವ ಬಾಯಿ ಹಾಕ್ತೀರಿ. ಪುಸ್ತಕದಾಗ ಆದ್ರ, ನಾ ಸುರು ಮಾಡೂದ್ರಾಗ ನಿಮ್ಮದು ಮುಗಿದಿರತೈತಿ.