ಕಡವಿನಲ್ಲಿ ಮೊಟ್ಟೆಯಿಟ್ಟ ಸಾಲ್ಮನ್ ಅಮ್ಮನವರಿಗೆ

ಮಾನ್ಯರೇ,

ತಾವು ಈ ಹೊತ್ತಿಗೆ ಗ್ರೀನ್‌ಲ್ಯಾಂಡಿನ ಆಸುಪಾಸಿನ ತಣ್ಣನೆಯ ನೀರಿನಲ್ಲಿ ಸಿಗಡಿ ಮೆಲ್ಲುತ್ತ ಸುಖವಾಗಿರುವಿರೆಂದು ನಂಬಿ, ವೇಲ್ಸಿನ ನಾಂತ್ ಹೆಲಿಗ್ ಹೊಳೆಯ ಗಾಳಗಾರರ ಸಂಘದ ಕಾರ್ಯದರ್ಶಿಯಾದ ಟೆಗ್ವೆನ್ ಪ್ರೋಬರ್ಟ್ ಎಂಬ ನಾನು, ಮಂಡಿ ಬಗ್ಗುವಷ್ಟರ ಮಟ್ಟಿಗೆ ತಮಗೆ ನಮಿಸುತ್ತೇನೆ. ಇತ್ತ ಕಡೆ ಸಂಘದ ಹದಿನಾಲ್ಕು ಮಂದಿಯೂ ಕ್ಷೇಮ. ಇಬ್ಬರಿಗೆ ನೆಗಡಿ, ಎಲ್ಲರಿಗೂ ಬೆನ್ನುನೋವು. ಬೆನ್ನುನೋವಿಗೆ ಕಾರಣ ತಾವೇ ಆದ್ದರಿಂದ ಈ ದೂರು.

ಹನ್ನೆರಡು ವರ್ಷಗಳಿಂದ ನಾವು ತಮ್ಮ ಸೇವೆಯಲ್ಲಿದ್ದೇವೆ. ದಡಕ್ಕೆ ಬೇಲಿ ಹಾಕಿ ಕುರಿಗಳನ್ನು ದೂರವಿಟ್ಟೆವು, ನೀರಿಗೆ ನೆರಳಿರಲೆಂದು ವಿಲೋ ಗಿಡ ನೆಟ್ಟೆವು, ಗಾಳದ ಮುಳ್ಳುಗಳನ್ನು ಉಜ್ಜಿ ತೆಗೆದೆವು, ಸಿಕ್ಕಿದ ಮೀನನ್ನೆಲ್ಲ ನೀರಿನಲ್ಲೇ ಬಿಡಿಸಿ ಕ್ಷಮೆ ಕೇಳಿ ಕಳಿಸಿದೆವು. ಗಾಳಗಾರರ ವಾರ್ಷಿಕ ಭೋಜನದಲ್ಲಿ ಕುರಿಮಾಂಸದ ಸಾರು ಕುಡಿದು ಮನೆಗೆ ಹೋದೆವು. ನಮ್ಮ ಪುಟ್ಟ ಚರ್ಚಾದ ಚಾಪೆಲ್ಲಿನ ಕೆಳಗಿನ ಮಡುವಿಗೆ, ತಾವು ಗುಂಡಿ ತೋಡಿ ಮೊಟ್ಟೆಯಿಡಲೆಂದು, ತೊಳೆದ ಜಲ್ಲಿಯನ್ನು ಬಕೆಟ್ಟಿನಲ್ಲಿ ಹೊತ್ತು ಸುರಿದು, ‘ಸಾಲ್ಮನ್‌ಗಳ ಹೆರಿಗೆಮನೆ, ಸದ್ದು ಮಾಡಬೇಡಿ’ ಎಂದು ಎರಡು ಭಾಷೆಗಳಲ್ಲಿ, ವೆಲ್ಷ್ ಮೇಲಿರುವಂತೆ, ಫಲಕ ನೆಟ್ಟೆವು. ತಮ್ಮ ದಾಯಾದಿಗಳಾದ ಕಡಲ ಟ್ರೌಟುಗಳು ಮೇಲಿನ ತೊರೆಯಲ್ಲಿ ಸದ್ದಿಲ್ಲದೆ ಸಂಸಾರ ಮಾಡಿಕೊಂಡಿದ್ದರು. ತಮ್ಮ ಸವಾರಿ ಮಾತ್ರ ಒಂಬತ್ತು ವರ್ಷದಿಂದ ಇತ್ತ ಬಂದಿರಲಿಲ್ಲ. ಈ ಸಲವೂ ಸಾಲ್ಮನ್ ಮೊಟ್ಟೆಗುಂಡಿ ಒಂದೂ ಕಾಣದಿದ್ದರೆ ಸಾಲ್ಮನ್ ಹೊಳೆಗಳ ಪಟ್ಟಿಯಿಂದ ನಮ್ಮ ಹೊಳೆಯನ್ನು ತೆಗೆಯುವುದಾಗಿ ಸರ್ಕಾರದ ಮೀನುಗಾರಿಕೆ ಕಚೇರಿಯಿಂದ ಕಾಗದ ಬಂತು.

ಆಗ ನವೆಂಬರಿನಲ್ಲಿ ನಮ್ಮ ಹೆರಿಗೆಮನೆಯಲ್ಲಿ ಮೂರು ಗುಂಡಿಗಳು ಕಂಡವು! ಅಧ್ಯಕ್ಷರಾದ ಇಲ್ಟಿಡ್ ಪ್ರೋಸರ್ ಟೋಪಿ ತೆಗೆದು ಅತ್ತೇಬಿಟ್ಟರು. ನಾನು ಒಣದ್ರಾಕ್ಷಿಯ ಬಾರಾ ಬ್ರಿತ್ ಬ್ರೆಡ್ಡು ಕೊಯ್ದು ಹಂಚಿ, ಕಚೇರಿಗೆ ಆನಂದದ ವರದಿ ಬರೆದೆ. ಅಂಚೆಗೆ ಹಾಕಿ ಬರುವಾಗ ಚಾಪೆಲ್ಲಿನ ಪಾದ್ರಿಗಳು ಎದುರಾದರು. “ಏನ್ ಗಟ್ಟಿ ಜಲ್ಲಿ ಅಮ್ಮ ಅದು! ಭಾನುವಾರ ಮೂವರಿಗೆ ದೀಕ್ಷಾಸ್ನಾನ ಮಾಡಿಸೋಕೆ ಮಡುಗಿಳಿದ್ರೆ ಕಾಲೂರೋಕೇ ಆಗ್ಲಿಲ್ಲ. ಸಲಿಕೆ ತಂದು ಮೂರು ಗುಂಡಿ ತೋಡಿದೆ, ನೋಡಿ,” ಎಂದರು. ಮೂರು ಆತ್ಮಗಳು ಉದ್ಧಾರವಾದದ್ದಕ್ಕೆ ಸಂತೋಷವೇ. ಆದರೆ ಅವು ಯಾವುವೂ ಮೊಟ್ಟೆಯಿಡುವ ಜಾತಿಯವಲ್ಲ.

ಮರುವಾರ ಇದ್ವಾಲ್ ನನ್ನ ಬಾಗಿಲು ಬಡಿದ. ಇವನು ಈಚೆ ದಡದಲ್ಲಿದ್ದು ಹೊಳೆಯಾಚೆಯ ಗುಡ್ಡದಲ್ಲಿ ಕುರಿ ಸಾಕುವವನು, ಶಾಲೆಯಲ್ಲಿ ನನ್ನ ಹಿಂದಿನ ಬೆಂಚಿನವನು, ಈ ಕಣಿವೆಯ ಪ್ರಖ್ಯಾತ ಮೀನುಗಳ್ಳನ ಮಗ. ಅವನ ಟ್ರ್ಯಾಕ್ಟರ್ ಹೊಳೆ ದಾಟುವ ಕಡವಿನ ಬಗ್ಗೆ, ಅದರಿಂದ ಮೀನುಗಳ ಬಾಳು ಹಾಳಾಗುತ್ತಿದೆಯೆಂದು, ಸಂಘದ ಪರವಾಗಿ ಹತ್ತೊಂಬತ್ತು ದೂರು ಬರೆದವಳು ನಾನು. “ಏ ಟೆಗ್ವೆನ್, ನಿನ್ನ ಯಜಮಾನ್ತಿ ನನ್ನ ಕಡವಲ್ಲಿ ಗುಂಡಿ ತೋಡ್ತಾ ಇದ್ದಾಳೆ. ಪಾಪ, ಬೋರ್ಡು ಓದೋಕೆ ಬರಲ್ಲ ಅನ್ಸುತ್ತೆ,” ಎಂದ. ಓಡಿ ಹೋಗಿ ನೋಡಿದರೆ, ಎರಡು ಚಕ್ರಗಳ ಜಾಡಿನ ನಡುವೆ ತಾವು ಮಗ್ಗುಲಾಗಿ ಮಲಗಿ ಬಾಲದಿಂದ ಜಲ್ಲಿ ಎರಚುತ್ತಿದ್ದಿರಿ. ಇಡೀ ಹೊಳೆಯಲ್ಲಿ ತಮಗೆ ಸಿಕ್ಕಿದ್ದು ಅದೇ ಜಾಗವೇ, ತಾಯೀ?

ಮೊಟ್ಟೆಯೊಡೆದು ಮರಿಗಳು ಮೇಲೇಳುವವರೆಗೆ, ಎಂದರೆ ಐದು ತಿಂಗಳು, ಕಡವಿಗೆ ಚಕ್ರ ಇಳಿಯುವಂತಿರಲಿಲ್ಲ. ಸೇತುವೆಯೋ ಮೂರು ಮೈಲಿ ಸುತ್ತು, ಟ್ರ್ಯಾಕ್ಟರಿಗೆ ಇಕ್ಕಟ್ಟು. ಆದ್ದರಿಂದ ಎಪ್ಪತ್ತು ದಾಟಿದ ಸಂಘದ ಮಹನೀಯರು ಇದ್ವಾಲನ ಎಂಬತ್ತು ಕುರಿಗಳಿಗೆ ದಿನಾ ಕಾಲುಸಂಕದ ಮೇಲೆ ಹುಲ್ಲು ಹೊತ್ತರು. “ಬಗ್ಗಿ ಇಲ್ಟಿಡ್, ಇನ್ನೂ ಬಗ್ಗಿ! ಕಾಗದ ಬರೆಯೋದೇ ಸುಲಭ ಇತ್ತು, ಅಲ್ವಾ?” ಎಂದು ಇದ್ವಾಲ್ ದಡದಿಂದ ಪ್ರೋತ್ಸಾಹಿಸುತ್ತಿದ್ದ. ಅಧ್ಯಕ್ಷರು ಎರಡು ಸಲ ನೀರಿಗೆ ಬಿದ್ದರು. ಸದ್ಯ, ಕಡವಿನಿಂದ ಕೆಳಗೆ.

ಮಾರ್ಚಿನಲ್ಲಿ ಆಚೆ ದಡದಲ್ಲಿ ಒಂದು ಕುರಿ ಹೆರಲಾಗದೆ ಒದ್ದಾಡುತ್ತಿತ್ತು. ಇದ್ವಾಲ್ ಟ್ರ್ಯಾಕ್ಟರನ್ನು ನೀರಿನಂಚಿಗೆ ತಂದು ನಿಲ್ಲಿಸಿದ. ನಾನು ಹುಲ್ಲಿನ ಹೊರೆ ಹಿಡಿದು ನಿಂತಿದ್ದೆ. ಎದುರಿಗೆ ನೀರಿನಡಿ ತಮ್ಮ ಮೊಟ್ಟೆಗಳು. ಅವನು ಎಂಜಿನ್ ಆರಿಸಿ, ಇಳಿದು, ಸಂಕದ ಕಡೆಗೆ ಓಡಿದ. ಕುರಿ ಉಳಿಯಿತು, ಮರಿ ಉಳಿಯಲಿಲ್ಲ. ಅವನು ಮರಿಯನ್ನು ಹೂತು ಬಂದು, ನನ್ನ ಕೈಯ ಹೊರೆಯನ್ನು ತಾನೇ ಹೊತ್ತ. ನನಗೆ ನಾಚಿಕೆಯಾಯಿತು, ಮಾನ್ಯರೇ. ಅಷ್ಟು ನಾಚಿಕೆ ಆ ಹತ್ತೊಂಬತ್ತು ಕಾಗದ ಬರೆಯುವಾಗ ಆಗಬೇಕಿತ್ತು.

ಮೇ ತಿಂಗಳಲ್ಲಿ ತಮ್ಮ ಮಕ್ಕಳು ಕಡವಿನಂಚಿನಲ್ಲಿ ಮೇಲೆದ್ದರು, ನೂರಾರು. ಕಚೇರಿಯ ತಜ್ಞೆ ಬಂದು ಎಣಿಸಿ ಸುಸ್ತಾಗಿ, ಹೊಳೆಯ ಹೆಸರು ಪಟ್ಟಿಯಲ್ಲಿ ಉಳಿಯಿತು ಎಂದಳು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದಳು: ನಮ್ಮ ಹೆರಿಗೆಮನೆಯ ಜಲ್ಲಿ ವರ್ಷಗಟ್ಟಲೆ ಅಲುಗಾಡದೆ ಗಾರೆ ನೆಲದಂತೆ ಗಟ್ಟಿಯಾಗಿದೆ, ಕಡವಿನ ಜಲ್ಲಿಯನ್ನು ಮಾತ್ರ ಟ್ರ್ಯಾಕ್ಟರ್ ಕೆದಕಿ ಕೆದಕಿ ಸಡಿಲವಾಗಿಟ್ಟಿದೆ, ಅದಕ್ಕೇ ತಾವು ಅಲ್ಲಿಗೆ ಬಂದಿರಿ. ಇದ್ವಾಲ್ ಆಗ ಆಕಾಶ ನೋಡುತ್ತ ಸಿಳ್ಳೆ ಹಾಕುತ್ತಿದ್ದ.

ಆದ್ದರಿಂದ ತಮ್ಮಲ್ಲಿ ಬಿನ್ನಹ: ಮುಂದಿನ ಸಲ ಬರುವುದಕ್ಕೆ ಮೂರು ವಾರ ಮೊದಲು ಹೆರಿಗೆಯ ಸ್ಥಳವನ್ನು ಸಂಘಕ್ಕೆ ಲಿಖಿತವಾಗಿ ತಿಳಿಸಬೇಕು, ಮಕ್ಕಳಿಗೆ ವೆಲ್ಷ್ ಓದುವುದನ್ನಾದರೂ ಕಲಿಸಬೇಕು. ಇನ್ನು ಮೇಲೆ ತಾವು ಬರುವ ಮುನ್ನ, ಪ್ರತಿ ಸೆಪ್ಟೆಂಬರಿನಲ್ಲಿ, ಕಡವಿನಲ್ಲಿ ಹತ್ತು ಸಲ ಟ್ರ್ಯಾಕ್ಟರ್ ಓಡಿಸಿಕೊಡಬೇಕೆಂದು ಸಂಘ ಇದ್ವಾಲನನ್ನು ಪ್ರಾರ್ಥಿಸಿದೆ. ಅದು ನನ್ನ ಇಪ್ಪತ್ತನೆಯ ಕಾಗದ. “ಇದೊಂದನ್ನ ಮಾತ್ರ ಪೂರ್ತಿ ಓದಿದೀನಿ ಕಣೇ,” ಎಂದ.

ತಮ್ಮ ವಿಶ್ವಾಸಿ, ತಮ್ಮಿಂದಲೇ ಸೊಂಟ ಮುರಿದುಕೊಂಡ,
ಟೆಗ್ವೆನ್ ಪ್ರೋಬರ್ಟ್

ತಾ.ಕ.: ಈ ಕಾಗದದಲ್ಲಿ ತನ್ನದೂ ಒಂದು ಮಾತು ಸೇರಿಸು ಎಂದು ಇದ್ವಾಲ್ ಕೇಳಿಕೊಂಡಿದ್ದಾನೆ. “ಅವಳಜ್ಜೀನ ನಮ್ಮಪ್ಪ ಹಿಡಿದು ತಿಂದಿದ್ದು ಇದೇ ಕಡವಲ್ಲಿ. ಕ್ಷಮಿಸ್ತಾಳಾ ಕೇಳು.” ಕೇಳಿದ್ದೇನೆ. ಉತ್ತರ ಬರೆಯುವ ಶ್ರಮ ಬೇಡ, ಬಂದರೆ ಸಾಕು. ರುಚಿ ಮಾತ್ರ ಬಹಳ ಚೆನ್ನಾಗಿತ್ತಂತೆ.