ದೊಡ್ಡಪ್ಪನ ಕೆನ್ನೆಯೊಳಗಿನ ವಂಶ

ನಮ್ಮ ಮನೆಯಲ್ಲಿ ಏನೇ ಶುರು ಮಾಡಲಿ, ಅದು ನಗೆಪಾಟಲಾಗದೆ ಮುಗಿದದ್ದಿಲ್ಲ. ಡಿಎನ್‌ಎ ಪರೀಕ್ಷೆ ಮಾತ್ರ ನಮ್ಮನ್ನು ಸುಮ್ಮನೆ ಬಿಟ್ಟೀತೇ?

ನಾನು ತಮಿಳುನಾಡಿನ ಬೋಡಿಯಲ್ಲಿ ಏಲಕ್ಕಿ ವ್ಯಾಪಾರಿ. ಕಾಯಿ ಮೂಸಿ ಯಾವ ಎಸ್ಟೇಟಿನದು ಅಂತ ಹೇಳುವವನಿಗೆ ಸ್ವಂತ ವಂಶದ ಮೂಲ ಹುಡುಕುವುದೇನು ಮಹಾ! ತುರ್ತೂ ಇತ್ತು. ನನ್ನ ಒಬ್ಬಳೇ ಮಗಳು ಆಂಡಿಪಟ್ಟಿಯ ಹುಡುಗನನ್ನು ಮೆಚ್ಚಿದ್ದಳು. ಚಿನ್ನದಂಥ ಹುಡುಗ, ಮನೆಯಲ್ಲಿ ನಮ್ಮ ಹಾಗೇ ಕನ್ನಡ. ಆದರೆ ಅವರದೂ ನಮ್ಮದೂ ಒಂದೇ ಕುಲ. ಅಂದರೆ ಒಬ್ಬನೇ ಮೂಲಪುರುಷನ ಮಕ್ಕಳು, ಅಣ್ಣ-ತಂಗಿ. ಕಾಮಯಗೌಂಡನ್‌ಪಟ್ಟಿಯಲ್ಲಿ ದ್ರಾಕ್ಷಿ ತೋಟವಿರುವ, ಮಕ್ಕಳಿಲ್ಲದ ನನ್ನ ದೊಡ್ಡಪ್ಪ, "ನಾನಿರೋತನಕ ಈ ಮದುವೆ ಆಗಲ್ಲ" ಅಂದುಬಿಟ್ಟರು.

ಮಗಳು ಬಿಡಬೇಕಲ್ಲ! "ತಾತಾ, ಅಪ್ಪನಿಂದ ಮಗನಿಗೆ ಇಳಿದು ಬರೋ ವಂಶಾನ ಈಗ ಪರೀಕ್ಷೆ ಮಾಡಿ ಹೇಳ್ತಾರೆ. ಒಂದೇ ಅಂತ ಬಂದ್ರೆ ನಾನೇ ಬಿಟ್ಬಿಡ್ತೀನಿ. ಬೇರೆ ಅಂತ ಬಂದ್ರೆ?"

"ಬಂದ್ರೆ ನಾನೇ ನಿಂತು ತಾಳಿ ಎತ್ತಿಕೊಡ್ತೀನಿ, ಹೋಗು!"

ಕೆಂಪು ಕಡ್ಡಿ

ಹತ್ತಿ ಸುತ್ತಿದ ಕಡ್ಡಿಯನ್ನು ಕೆನ್ನೆಯೊಳಗೆ ತಿಕ್ಕಿ ಕಳಿಸಬೇಕು. ಅದಕ್ಕೂ ಮುಂಚೆ ಅರ್ಧ ಗಂಟೆ ಬಾಯಿಗೆ ಏನೂ ಹಾಕಬಾರದು. ದೊಡ್ಡಪ್ಪನೋ, ನಿದ್ದೆಯಲ್ಲಿ ಬಿಟ್ಟರೆ ಎಲೆ-ಅಡಿಕೆ ಇಲ್ಲದ ಬಾಯಿ ಕಂಡವರಲ್ಲ. ಮೊದಲ ಕಡ್ಡಿ ಕೆಂಪಗೆ ಬಂತು. "ಅಯ್ಯೋ ರಕ್ತ!" ಅಂತ ನನ್ನ ಹೆಂಡತಿ ಕಿರುಚಿದಳು. ಎರಡನೆಯದೂ ಕೆಂಪು. ಕೊನೆಗೆ ಎಲೆಯ ಡಬ್ಬಿ ಕಿತ್ತುಕೊಂಡು ಎದುರಿಗೇ ಕಾವಲು ಕೂತೆ. ಬಾಯಿ ಖಾಲಿಯಾಗಿದ್ದ ಆ ಅರ್ಧ ಗಂಟೆ ಪೂರ್ತಿ ಅವರು ನನ್ನನ್ನು ಬೈದರು. ಹೆಂಡತಿಯೇ ಒಳಗಿನಿಂದ ಕೂಗಿದಳು: "ರೀ, ವಂಶ ಹಾಳಾಗಲಿ, ಡಬ್ಬಿ ಕೊಟ್ಬಿಡಿ!"

ಅತ್ತೆಯ ಸರದಿ

ದೊಡ್ಡಪ್ಪನ ತಂಗಿ, ನನ್ನ ಸೋದರತ್ತೆ, ತಾನೂ ಬಂದು ಕೂತು ಬಾಯಿ ತೆರೆದಳು.

"ಅತ್ತೆ, ನೀನು ಬಾಯಿ ಮುಚ್ಕೋ. ಇದು ಗಂಡಸರಿಗೆ ಮಾತ್ರ."

"ಯಾಕೋ, ನಾನೇನು ಆಕಾಶದಿಂದ ಬಿದ್ನಾ? ಈ ಮನೆ ಮಗಳಲ್ವಾ?"

ತಂದೆಯಿಂದ ಗಂಡುಮಕ್ಕಳಿಗಷ್ಟೇ ಇಳಿಯುವ ಅಂಶವೊಂದಿದೆ, ಇವರು ನೋಡುವುದು ಅದನ್ನೇ ಅಂತ ಮೇಷ್ಟರ ಹಾಗೆ ವಿವರಿಸಿದೆ.

"ಹಂಗಾರೆ ಆ ಕಡ್ಡಿಗೇನು ಗೊತ್ತು ಮಣ್ಣು!" ಅಂತ ಎದ್ದು ಹೋದಳು.

ಅಂಟಿಕೊಂಡವರು

ಮೂವರ ಕಡ್ಡಿ ಹೋಗಿತ್ತು: ದೊಡ್ಡಪ್ಪನದು, ಹುಡುಗನ ಅಪ್ಪನದು, ಮತ್ತೆ ದಿಂಡಿಗಲ್ ಕಡೆ ನಮ್ಮ ಕುಲದೇವರ ಪೂಜಾರಿಯದು. ಕುಲದ ಬುಡವೇ ಆ ಪೂಜಾರಿ ಮನೆ ಅಂತ ಎಲ್ಲರೂ ಒಪ್ಪಿದ್ದರು.

ಫಲಿತಾಂಶ ಬಂದ ದಿನ ದೊಡ್ಡಪ್ಪನ ಜಗಲಿಯಲ್ಲಿ ಎಲ್ಲರೂ ಸೇರಿದೆವು. ಮಗಳ ಮುಖವನ್ನೊಮ್ಮೆ ನೋಡಿ ಕಾಗದ ಬಿಡಿಸಿದೆ. ಓದಿದೆ: "ಹುಡುಗನ ಅಪ್ಪನ ವಂಶವೇ ಬೇರೆ, ದೊಡ್ಡಪ್ಪನ ವಂಶವೇ ಬೇರೆ!"

ಮಗಳಿಗಿಂತ ಜೋರಾಗಿ ದೊಡ್ಡಪ್ಪ ಕುಣಿದರು. "ನಾನು ಹೇಳ್ಲಿಲ್ವಾ? ಅವರು ಎಲ್ಲಿಂದಲೋ ಬಂದು ನಮ್ಮ ಕುಲಕ್ಕೆ ಅಂಟ್ಕೊಂಡೋರು!" ನಿನ್ನೆಯವರೆಗೆ ಅವರು ಹೇಳಿದ್ದು ಇದಕ್ಕೆ ತದ್ವಿರುದ್ಧ.

ಮುಂದೆ ಓದಿದೆ. ಹುಡುಗನ ಅಪ್ಪನದೂ ಪೂಜಾರಿಯದೂ ಒಂದೇ ವಂಶ.

"ಹಂಗಾದ್ರೆ ಅಂಟ್ಕೊಂಡೋರು ಯಾರು?" ಅಂದಳು ನನ್ನ ಹೆಂಡತಿ.

"ನಾವೇ," ಅಂದಳು ಅತ್ತೆ. "ಹಿಂದೆ ಈ ಮನೇಲಿ ಗಂಡುಮಗು ಇರ್ಲಿಲ್ಲ. ಮನೆ ಅಳಿಯನ್ನ ತಂದ್ರು. ಅವನ ಪೀಳಿಗೆ ನಾವು, ಈ ಮನೆ ಕುಲಾನೇ ಇಟ್ಕೊಂಡ್ವಿ. ನಮ್ಮಜ್ಜಿ ಹೇಳ್ತಿದ್ದಳು."

"ಮುಂಚೇನೇ ಹೇಳೋದಲ್ವಾ ಅತ್ತೆ?"

"ಬಾಯಿ ತೆಗ್ದೆ. ಮುಚ್ಕೋ ಅಂದೆ ನೀನು."

ಷರತ್ತು

ಮನೆ ಅಳಿಯಂದಿರನ್ನು 'ಹೆಂಡ್ತಿ ಮನೆ ಅನ್ನಕ್ಕೆ ಕಾಯೋರು' ಅಂತ ಜನ್ಮವಿಡೀ ಹಂಗಿಸಿದವರು ನಮ್ಮ ದೊಡ್ಡಪ್ಪ. ಅವತ್ತು ಅವರು ಎಲೆಯ ಡಬ್ಬಿಯನ್ನೂ ಮುಟ್ಟಲಿಲ್ಲ. ಮಾತು ಮುರಿದುಬಿಡುತ್ತಾರೇನೋ ಅಂತ ನನಗೆ ನಿಜವಾಗಿ ಭಯವಾಯಿತು.

ಕೊನೆಗೆ ಹುಡುಗನನ್ನೇ ಕರೆಸಿದರು.

"ಕೊಟ್ಟ ಮಾತು ಮಾತೇ. ತಾಳಿ ನಾನೇ ಎತ್ತಿಕೊಡ್ತೀನಿ. ಒಂದು ಷರತ್ತು."

"ಹೇಳಿ ತಾತಾ."

"ನೀನು ಈ ಮನೆಗೇ ಬಂದಿರ್ಬೇಕು. ಮನೆ ಅಳಿಯನಾಗಿ."

ದೊಡ್ಡಪ್ಪ ನಿಧಾನವಾಗಿ ಡಬ್ಬಿ ತೆರೆದು, ಎಲೆಗೆ ಸುಣ್ಣ ಸವರುತ್ತಾ ಹುಡುಗನನ್ನು ಆಗಲೇ ತಮಿಳಿನಲ್ಲಿ ಅಳಿಯ ಅಂತ ಕರೆದುಬಿಟ್ಟರು.

"ನಿಮ್ಮ ವಂಶದ ಮನೆ ಇದು, ಮಾಪಿಳ್ಳೆ. ಇಷ್ಟು ದಿನ ನಾವು ಕಾದ್ಕೊಂಡಿದ್ವಿ. ಬಂದು ಇಟ್ಕೋ. ದ್ರಾಕ್ಷಿಗೆ ಔಷಧಿ ಹೊಡೆಯೋದು ನಾಳೆಯಿಂದ್ಲೇ ನಿಂದು!"