ದೊರೆ ಸೀಸೆ, ನನ್ ಮೂಗು

ಇನ್ನೊಬ್ರ ಹೆಂಡ ರುಚಿ ನೋಡೋದೇ ಕಸುಬು ಮಾಡ್ಕೊಂಡೋನ ಬಾಳ್ನಾಗೆ ಇಂಥವು ಆಯ್ತಾನೇ ಇರ್ತವೆ, ಏನ್ ಮಾಡೋಕಾಯ್ತದೆ? ಮಹಾರಾಜ್ರ ಕಾಲ. ಮಧುಗಿರಿ ಹೆಂಡ-ಸಾರಾಯಿ ಗುತ್ತಿಗೆ ಸಾವ್ಕಾರ್ರ ತಾವ ನಾನು ರುಚಿ ನೋಡೋನು. ಮೊದ್ಲು ಈಚಲ ಮರ ಹತ್ತಿ ಹೆಂಡ ಇಳಿಸ್ತಿದ್ದೆ. ಬಿದ್ದು ಮಂಡಿ ಮುರೀತು. ಆಮೇಲೆ ಮೂಗೇ ಅನ್ನ ಹಾಕ್ತು. ಸಿರಾದಿಂದ ಪಾವಗಡದಗಂಟ ಇಂಥ ಮೂಗು ಇನ್ನೊಂದಿರ್ನಿಲ್ಲ. ಇದ್ರೆ ತೋರ್ಸಿ, ನೋಡಾನ.

೧. ಮಡಕೆ

ತೋವಿನಕೆರೆ ಕಡೆಯಿಂದ ಗಂಡ ಹೆಂಡ್ತಿ ಗೋಣಿ ಸುತ್ತಿದ್ ಮಡಕೇಲಿ ಹೆಂಡ ಹೊತ್ಕೊಂಡ್ ಬಂದ್ರು, ಗೋಣಿ ಬಿಚ್ಚಿದ್ರು. ಮೂಗಿಟ್ಟೆ.

"ಲೇ, ಈ ಮಡಕೇಲಿ ಮಜ್ಜಿಗೆ ಇಟ್ಟಿದ್ರು ಕಣ್ಲಾ."

"ಇಲ್ಲ ಕಣಣ್ಣೋ, ದೇವ್ರಾಣೆ! ಹೊಸ ಮಡಕೆ. ಮೊನ್ನೆ ಸಂತೇಲಿ ತಂದಿದ್ದು."

ಹಿಂದೆ ನಿಂತಿದ್ದ ಹೆಂಡ್ತಿ ಬಗ್ಗಿ ಮಡಕೆ ಕಂಠ ನೋಡಿದ್ಲು. "ಅಯ್ಯೋ ನಿನ್ ಕೈ ಸೇದೋಗ! ಮೂರ್ ದಿನದಿಂದ ಹುಡುಕ್ತಾ ಇವ್ನಿ, ನನ್ ಮಜ್ಜಿಗೆ ಮಡಕೆ! ಬೆಕ್ಕು ಒಡ್ದಾಕ್ತು ಅಂದ್ಯಲ್ಲೋ!"

ಹೆಂಡ ಆವಾಗ್ಲೇ ವಾಪಸ್ ಹೋಯ್ತು. ಗಂಡ ಮಾತ್ರ ಸಂಜೆಗಂಟ ನಮ್ ಅಂಗಡಿ ಬುಟ್ಟು ಅಲ್ಲಾಡ್ನಿಲ್ಲ.

೨. ತೊಳೀದ ಪೀಪಾಯಿ

ಕೆರೆ ಏರಿ ನೋಡೋಕೆ ಬಂದಿದ್ದ ಬಿಳೀ ಇಂಜಿನಿಯರ್ ದೊರೆ ಮುಸಾಫರಿ ಬಂಗ್ಲೇಲಿ ಇಳ್ಕೊಂಡಿದ್ರು. ಸಾವ್ಕಾರ್ರು ಅವ್ರ ಮುಂದೆ ನನ್ ಮೂಗಿನ ವಿಷ್ಯ ಕೊಚ್ಕೊಂಡವ್ರೆ. ಕರ್ಸು, ನೋಡಾನ ಅಂದ್ರಂತೆ ದೊರೆ. ದಾರೀಲಿ ಸಾವ್ಕಾರ್ರು ಅಂದ್ರು: "ನನ್ ಮರ್ವಾದೆ ಕಳದ್ಯೋ, ನಾಳೆಯಿಂದ ಮತ್ತೆ ಮರ ಹತ್ತು." ಈ ಮಂಡಿ ಇಟ್ಕೊಂಡು!

ಮೇಜಿನ ಮೇಲೆ ಎರಡು ಸೀಸೆ. ದೊರೆಗೆ ಕನ್ನಡ ಬರಾಕಿಲ್ಲ, ನಂಗೆ ಇಂಗ್ಲೀಸು ಬರಾಕಿಲ್ಲ. ಮಧ್ಯದಲ್ಲಿ ಅವ್ರ ಬಟ್ಲರು.

"ಎರಡೂ ಸ್ಕಾಚ್ ವಿಸ್ಕಿ," ಅಂದ ಬಟ್ಲರು. "ಬರೀ ಜವೆಗೋಧಿಯಿಂದ ಇಳ್ಸಿದ್ದು. ಒಂದು ಎಳೇದು. ಇನ್ನೊಂದು ಹದಿನೆಂಟು ವರ್ಸ ಪೀಪಾಯೊಳಗೆ ಮಲಗಿದ್ದು. ಹಳೇದು ಯಾವ್ದು ಅಂತ ನೀನು ಹೇಳ್ಬೇಕು."

"ಹದಿನೆಂಟು ವರ್ಸ ಯಾರೂ ಮುಟ್ನಿಲ್ಲ ಅಂದ್ರೆ ಏನೋ ಐಬು ಇರ್ಬೇಕು! ನಮ್ದು ಮದ್ಯಾನಕ್ಕೇ ಹುಳಿ ಆಯ್ತದೆ."

"ಅದು ಅಂತಿಂಥ ಪೀಪಾಯಲ್ಲ ಕಣಯ್ಯ. ಮೊದ್ಲು ಷೆರಿ ಅಂತ ದ್ರಾಕ್ಷಿ ಹೆಂಡ ಇತ್ತು ಅದ್ರಾಗೆ."

"ತೊಳ್ದಿದ್ರಾ?"

"ತೊಳೀಬಾರ್ದಂತೆ. ಆ ವಾಸ್ನೆಗೇ ಬೆಲೆ."

ನೋಡಿ ಮತ್ತೆ. ತೋವಿನಕೆರೆಯೋನೂ ಅದನ್ನೇ ಮಾಡಿದ್ದು. ಅವ್ನಿಗೆ ಬೈಗ್ಳ ಬಿತ್ತು, ಇವ್ರಿಗೆ ಹೆಸ್ರು ಬಂತು.

೩. ಭೂಮ್ತಾಯಿ ಪಾಲು

ಪರೀಕ್ಷೆಗೆ ಮುಂಚೆ ಹಳೇದು ಹೆಂಗಿರ್ತದೆ ಅಂತ ನಾಲಿಗೆಗೆ ಗೊತ್ತಾಗ್ಲಿ ಅಂತ ದೊರೆ ತಾವೇ ಬಗ್ಗಿಸಿ ಕೊಟ್ರು. ಗಾಜಿನ ಲೋಟ, ತಳ ನೆನೆಯೋ ಅಷ್ಟು. ಕಣ್ಣಿಗೆ ಬುಟ್ಕೊಳಾಕೂ ಸಾಲ್ದು. ನಾವು ಭೂಮ್ತಾಯಿಗೆ ಬುಡದೆ ಕುಡಿಯೋ ಜನ ಅಲ್ಲ. ಕೈ ಮುಗ್ದು ನೆಲಕ್ಕೆ ಬುಟ್ಟೆ. ಇದ್ದಿದ್ದೇ ಅಷ್ಟು, ಅಷ್ಟೂ ಹೋಯ್ತು. ದೊರೆ ಚೇಳು ಕಡ್ದಂಗೆ ಕುರ್ಚಿಯಿಂದ ಎದ್ರು.

ಮತ್ತೆ ಬಗ್ಗಿಸಿದ್ರು. ಇನ್ನೊಬ್ರ ಲೋಟಕ್ಕೆ ತುಟಿ ಹಚ್ಚಿ ಎಂಜಲು ಮಾಡ್ಬಾರ್ದಲ್ಲ? ತಲೆ ಮೇಲೆತ್ತಿ ಗಟಕ್ ಅಂತ ಬುಟ್ಟೆ. ನಾಲಿಗೇನೂ ಮುಟ್ದೆ ಸೀದಾ ಗಂಟಲಿಗೆ ಇಳೀತು.

"ಹೆಂಗಿತ್ತು ಅಂತ ಕೇಳ್ತಾವ್ರೆ," ಅಂದ ಬಟ್ಲರು.

"ನನ್ನೇನ್ ಕೇಳ್ತೀರಾ? ಭೂಮ್ತಾಯ್ನ ಕೇಳಿ. ಮೊದ್ಲು ಕುಡ್ದೋಳು ಅವ್ಳು."

೪. ಹದಿನೆಂಟು ವರ್ಸದ ತಾಳ್ಮೆ

ಆಮೇಲೆ ಪರೀಕ್ಷೆ. ನನ್ನ ಗೋಡೆ ಕಡೆ ತಿರುಗ್ಸಿ ಎರಡು ಲೋಟಕ್ಕೆ ಬಗ್ಗಿಸಿದ್ರು. ಈ ಸಲ ನಿಧಾನಕ್ಕೆ ಮೂಗಿಟ್ಟೆ. ಮೊದಲ್ನೇದು ಹಸಿ ಹಸಿ, ಮೂಗಿಗೆ ಚುಚ್ತು. ಎರಡನೇದಕ್ಕೆ ಮೂಗಿಟ್ಟೆ ನೋಡಿ. ನಮ್ದೇ ಅಂಗಡಿ ಸಾರಾಯಿ! ಬಣ್ಣಕ್ಕೆ ಸುಟ್ಟ ಬೆಲ್ಲ. ಎಲ್ಲೋ ತಳದಾಗೆ ಮಾತ್ರ ಸಣ್ಣಗೆ ಇನ್ನೊಂದು ವಾಸ್ನೆ. ಹಳೇ ಮರದ ಪೆಟ್ಗೇಲಿ ಒಣದ್ರಾಕ್ಷಿ ಬಚ್ಚಿಟ್ಟಂಗೆ. ಆಹಾ! ಅದೇ ದೊರೆ ಮಾಲು. ಯಾರೋ ಕುಡ್ದು, ಖಾಲಿಯಾದಷ್ಟಕ್ಕೆ ನಮ್ದು ತುಂಬವ್ರೆ.

ತಲೆ ಎತ್ತಿದೆ. ದೊರೆ ಕುರ್ಚಿ ಹಿಂದೆ ಬಟ್ಲರು ಎರಡೂ ಕೈ ಮುಗ್ಕೊಂಡು ನಿಂತವ್ನೆ. ಕಣ್ಣಾಗೆ ನೀರು.

ನಿಜ ಅಂದ್ರೆ ಅವ್ನ ಅನ್ನ ಹೋಯ್ತದೆ. ಆ ನಿಜಾನ ದೊರೆಗೆ ಇಂಗ್ಲೀಸಲ್ಲಿ ಹೇಳ್ಬೇಕಾದೋನೂ ಅವ್ನೇ! ಅವ್ನು ಇನ್ನೇನೋ ಹೇಳಿದ್ರೆ ನಾನು ಮರದ ಮೇಲೆ. ಕಳ್ಳ ಕುಡ್ದಿದ್ದು ಒಳ್ಳೇದ್ನೇ ತಾನೆ? ಅಂಗಂದ್ಮೇಲೆ ಹಳೇ ಸೀಸೇದು ಇದೇ. ಎರಡನೇ ಲೋಟ ಎತ್ತಿ "ಇದೇ ಹಳೇದು" ಅಂದೆ.

ದೊರೆ ಮೇಜು ಗುದ್ದಿ ಎದ್ದು ನನ್ ಕೈ ಕುಲುಕಿದ್ರು. ಸಾವ್ಕಾರ್ರು ಮೀಸೆ ತಿರುವಿ "ನಿನ್ನ ಮರ ಹತ್ಸಿದ್ರೆ ನಾನು ಮನುಷ್ಯನೇ ಅಲ್ಲ ಕಣ್ಲಾ" ಅಂದ್ರು.

ಆ ಖುಷೀಲಿ ದೊರೆ ತಾವೂ ಒಂದು ಗುಟುಕು ತಗಂಡು ಕಣ್ ಮುಚ್ಚಿ ಏನೋ ಅಂದ್ರು. "ಹದಿನೆಂಟು ವರ್ಸದ ತಾಳ್ಮೆ ಇದ್ರಲ್ಲೈತೆ ಅಂತಾವ್ರೆ," ಅಂದ ಬಟ್ಲರು, ನನ್ ಮುಖ ನೋಡ್ದೆ.

ಸಾವ್ಕಾರ್ರಿಗೂ ಅರ್ಧ ಲೋಟ ಕೊಟ್ರು. ಅವ್ರೂ ಕಣ್ ಮುಚ್ಚಿ, ನಾಲಿಗೆ ಮೇಲೆ ಹೊರಳ್ಸಿ ಹೊರಳ್ಸಿ ನುಂಗಿ, ನನ್ ಕಿವೀಲಿ ಅಂದ್ರು:

"ನೋಡ್ಲಾ, ಮಾಲು ಅಂದ್ರೆ ಇದು! ನಮ್ ಅಂಗಡೀಲೂ ಐತೆ, ಕತ್ತೆ ಉಚ್ಚೆ!"